ಉಯಿಲಿನಲ್ಲಿ ಊರಿಗೂ ಒಂದು ಪಾಲು

ನಮ್ಮಲ್ಲಿ ಉಯಿಲು ಬರೆದಿಡುವವರೇ ಕಡಿಮೆ. ಬರೆದಿಟ್ಟವರ ಉಯಿಲನ್ನು ಓದಿದರೂ ಒಕ್ಕಣೆ ಹೆಚ್ಚುಕಡಿಮೆ ಒಂದೇ ತೆರ. ವಾಸದ ಮನೆ ಹಿರಿಯ ಮಗನಿಗೆ, ಹೊರವಲಯದ ಸೈಟು ಕಿರಿಯವನಿಗೆ, ಒಡವೆ ಮಗಳಿಗೆ, ಬ್ಯಾಂಕಿನ ಠೇವಣಿ ಹೆಂಡತಿ ಇರುವವರೆಗೆ ಅವಳಿಗೆ, ಆಮೇಲೆ ಮಕ್ಕಳಿಗೆ ಸಮನಾಗಿ. ಕೊನೆಯಲ್ಲಿ ಷೆಡ್ಯೂಲು, ಚಕ್ಕುಬಂದಿ, ಇಬ್ಬರು ಸಾಕ್ಷಿಗಳ ಸಹಿ. ಇದರಲ್ಲಿ ತಪ್ಪೇನೂ ಇಲ್ಲ. ದುಡಿದು ಕೂಡಿಟ್ಟವರು ತಮ್ಮವರ ನಾಳೆಯನ್ನು ಯೋಚಿಸುವುದು ಸಹಜ, ಅದು ಕರ್ತವ್ಯವೂ ಹೌದು. ಆದರೆ ಬದುಕಿನುದ್ದಕ್ಕೂ ಜೊತೆಗಿದ್ದ ಕೆಲವು ಹೆಸರುಗಳು ಆ ಕಾಗದದಲ್ಲಿ ಕಾಣುವುದೇ ಇಲ್ಲ. ಹಳ್ಳಿಯಿಂದ ಬಂದ ಹುಡುಗನಿಗೆ ಊಟ ಹಾಕಿ ಓದಿಸಿದ ಉಚಿತ ವಿದ್ಯಾರ್ಥಿನಿಲಯ, ನಿವೃತ್ತಿಯ ನಂತರದ ಸಂಜೆಗಳನ್ನು ಕಳೆದ ವಾಚನಾಲಯ, ತಾಯಿಯ ಕೊನೆಯ ದಿನಗಳಲ್ಲಿ ಕಾಸು ಕೇಳದೆ ನೋಡಿಕೊಂಡ ಶುಶ್ರೂಷಾ ಕೇಂದ್ರ, ಇವುಗಳಿಗೆ ನಮ್ಮ ವಾರಸುದಾರರ ಪಟ್ಟಿಯಲ್ಲಿ ಜಾಗವಿಲ್ಲ.

ಜಾಗ ಇರಬೇಕು ಎಂಬುದು ನನ್ನ ವಾದ. ಹತ್ತರಲ್ಲೊಂದೋ ಇಪ್ಪತ್ತರಲ್ಲೊಂದೋ, ಆಸ್ತಿಯ ಒಂದು ಪಾಲನ್ನು ನಾವು ಬಲ್ಲ ಒಂದು ಸಾರ್ವಜನಿಕ ಸಂಸ್ಥೆಗೆ ಬರೆದಿಡುವುದು ಉಯಿಲು ಬರೆಯುವಾಗಿನ ವಾಡಿಕೆಯೇ ಆಗಬೇಕು. ಇದು ಉದ್ಯಮಪತಿಗಳ ಔದಾರ್ಯದ ಮಾತಲ್ಲ. ಸ್ವಂತದ್ದೊಂದು ಮನೆ, ಪಿಂಚಣಿ, ಒಂದಿಷ್ಟು ಠೇವಣಿ ಇರುವ ಮೇಷ್ಟರು, ಗುಮಾಸ್ತರು, ಬ್ಯಾಂಕ್ ನೌಕರರು, ಎಂಜಿನಿಯರುಗಳು, ಅಂಗಡಿ ಇಟ್ಟುಕೊಂಡವರು ಇವರನ್ನು ಕುರಿತ ಮಾತು.

ಮೊದಲು ಆಸ್ತಿ ಹುಟ್ಟುವ ಬಗೆಯನ್ನೇ ನೋಡೋಣ. ಬೆಂಗಳೂರಿನ ಜಯನಗರದಲ್ಲೋ ರಾಜಾಜಿನಗರದಲ್ಲೋ ಐವತ್ತು ವರ್ಷಗಳ ಹಿಂದೆ ಸರ್ಕಾರಿ ನೌಕರರೊಬ್ಬರು ಮೂವತ್ತು ನಲವತ್ತರ ಸೈಟೊಂದನ್ನು ಕೆಲವೇ ಸಾವಿರ ರೂಪಾಯಿಗೆ ಪಡೆದರು ಎನ್ನಿ. ಸಾಲ ಮಾಡಿ, ಹೊಟ್ಟೆಬಟ್ಟೆ ಕಟ್ಟಿ ಅದರ ಮೇಲೊಂದು ಮನೆ ಕಟ್ಟಿದರು. ಇಂದು ಆ ಸಾವಿರದಿನ್ನೂರು ಚದರಡಿಯ ಬೆಲೆ ಕೋಟಿಗಳಲ್ಲಿದೆ. ಗೋಡೆ ಎಬ್ಬಿಸಿದ ಶ್ರಮ ಅವರದೇ, ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಸಾವಿರ ಕೋಟಿಯಾದದ್ದು ಆ ಶ್ರಮದಿಂದಲ್ಲ, ಮನೆ ದಿನದಿನಕ್ಕೆ ಹಳತಾಗುತ್ತಿತ್ತು. ಬೆಲೆ ಬಂದದ್ದು ನೆಲಕ್ಕೆ. 1974ರಲ್ಲಿ ಕಾವೇರಿ ನೀರು ನಗರಕ್ಕೆ ಹರಿದು ಬಂತು. ಸುತ್ತ ಶಾಲೆ, ಆಸ್ಪತ್ರೆ, ಉದ್ಯಾನಗಳೆದ್ದವು. ಸಾರ್ವಜನಿಕ ಕಾರ್ಖಾನೆಗಳು, ಆಮೇಲೆ ಸಾಫ್ಟ್‌ವೇರ್ ಕಂಪನಿಗಳು ದೇಶದ ಮೂಲೆಮೂಲೆಯಿಂದ ಜನರನ್ನು ಕರೆತಂದವು. 2017ರಲ್ಲಿ ಜಯನಗರಕ್ಕೆ ಮೆಟ್ರೊ ಬಂತು. ಇದಷ್ಟೂ ಮಾಡಿದ್ದು ಊರು: ತೆರಿಗೆ ಕಟ್ಟಿದವರು, ರಸ್ತೆಗೆ ಡಾಂಬರು ಹಾಕಿದವರು, ಕಸ ಗುಡಿಸಿದವರು, ಇಲ್ಲಿಗೆ ಬಂದು ದುಡಿದವರು. ಮೈಸೂರು, ಹುಬ್ಬಳ್ಳಿ, ಮಂಗಳೂರಿನ ನೆಲದ ಕಥೆಯೂ ಇದೇ, ಅಂಕಿ ಮಾತ್ರ ಬೇರೆ.

ಕಾನೂನಿನ ಕಣ್ಣಿಗೆ ಆ ಬೆಲೆಯೆಲ್ಲ ಸೈಟಿನ ಯಜಮಾನರದು. ಅದನ್ನು ನಾನು ಪ್ರಶ್ನಿಸುತ್ತಿಲ್ಲ. ಆದರೆ 'ನಾನೇ ಗಳಿಸಿದ್ದು, ನನ್ನ ಮಕ್ಕಳಿಗೇ ಸೇರಬೇಕು' ಎಂಬ ಮಾತಿನ ಮೊದಲರ್ಧ ಪೂರ್ತಿ ನಿಜವಲ್ಲ. ಅರ್ಧ ನಾವು ಗಳಿಸಿದ್ದು, ಅರ್ಧ ನಮಗೆ ಒದಗಿ ಬಂದದ್ದು. ಓದಿನ ವಿಷಯದಲ್ಲೂ ಹೀಗೆಯೇ. ವಾರಾನ್ನ ಉಂಡು ಓದಿದ ತಲೆಮಾರು ಇನ್ನೂ ಪೂರ್ತಿ ಕಣ್ಮರೆಯಾಗಿಲ್ಲ. ಮಠಗಳ ಪ್ರಸಾದ ನಿಲಯಗಳಲ್ಲಿ, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲುಗಳಲ್ಲಿ, ಜಾತಿ ಸಂಘಗಳು ಕಟ್ಟಿದ ವಿದ್ಯಾರ್ಥಿನಿಲಯಗಳಲ್ಲಿ ಇದ್ದು ಓದಿ ಮೇಲೆ ಬಂದವರು ಇಂದು ನಿವೃತ್ತರಾಗಿ ಉಯಿಲು ಬರೆಯುವ ವಯಸ್ಸಿನಲ್ಲಿದ್ದಾರೆ. ಅವರಿಗೆ ಅನ್ನ ಹಾಕಿದವರು ಅವರ ರಕ್ತಸಂಬಂಧಿಗಳಲ್ಲ. ಹಾಗಿದ್ದ ಮೇಲೆ ಅವರ ಗಳಿಕೆ ಮಾತ್ರ ರಕ್ತಸಂಬಂಧದ ಗೆರೆಯೊಳಗೇ ಏಕೆ ನಿಲ್ಲಬೇಕು?

ಆಸ್ತಿಯ ಬಗೆಗಿನ ನಮ್ಮ ಎರಡು ದೊಡ್ಡ ಆಲೋಚನೆಗಳು ಕರ್ನಾಟಕದ ಒಂದೇ ಊರಿನಲ್ಲಿ, ಹೆಚ್ಚಿನ ಅಂತರವಿಲ್ಲದೆ ರೂಪುಗೊಂಡವು. ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರ'ವೆಂಬ ವ್ಯಾಖ್ಯಾನ ಬರೆದ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆ ಎಂಬ ತತ್ತ್ವವನ್ನು ನೆಲೆಗೊಳಿಸಿದ್ದು ಆ ಗ್ರಂಥ. ಬಂಗಾಳ, ಅಸ್ಸಾಮುಗಳನ್ನು ಬಿಟ್ಟರೆ ಹಿಂದೂಗಳ ಆಸ್ತಿ ಹಂಚಿಕೆಯನ್ನು ಶತಮಾನಗಳ ಕಾಲ ಆಳಿದ್ದೂ ಅದೇ. 2005ರ ತಿದ್ದುಪಡಿ ಆ ಹುಟ್ಟುಹಕ್ಕನ್ನು ಹೆಣ್ಣುಮಕ್ಕಳಿಗೂ ವಿಸ್ತರಿಸಿತು. ವಿಕ್ರಮಾದಿತ್ಯನ ಕಾಲ ಕಳೆದ ಕೆಲವೇ ದಶಕಗಳಲ್ಲಿ ಅದೇ ಕಲ್ಯಾಣದಲ್ಲಿ ಬಸವಣ್ಣ ಮತ್ತು ಇತರ ಶರಣರು ಕಾಯಕ, ದಾಸೋಹಗಳ ಮಾತಾಡಿದರು. ದುಡಿಮೆ ನಿನ್ನದು, ದುಡಿದು ಮಿಕ್ಕದ್ದು ಸಮಾಜದ್ದು ಎಂಬುದು ಅವರ ನಿಲುವು.

ಈ ಎರಡೂ ಒಂದಕ್ಕೊಂದು ಎದುರಾಳಿಗಳೆಂದು ನನಗೆ ಅನ್ನಿಸುವುದಿಲ್ಲ. ಹಿರಿಯರಿಂದ ಬಂದದ್ದನ್ನು ಮಕ್ಕಳಿಗೆ ದಾಟಿಸಬೇಕು ಎನ್ನುವುದು ಮಿತಾಕ್ಷರದ ಕಾಳಜಿ. ಸ್ವಯಾರ್ಜಿತದ ಮೇಲೆ ಗಳಿಸಿದವನಿಗೆ ಪೂರ್ಣ ಅಧಿಕಾರವಿದೆ ಎಂದು 1953ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಅದೇ ಗ್ರಂಥದ ಆಧಾರದ ಮೇಲೆ. ಆ ಸ್ವಾತಂತ್ರ್ಯವನ್ನು ಯಾವುದಕ್ಕೆ ಬಳಸಬೇಕು ಎಂಬ ಪ್ರಶ್ನೆಗೆ ದಾಸೋಹ ಉತ್ತರ ಕೊಡುತ್ತದೆ. ಹಳೆಯ ಧರ್ಮಶಾಸ್ತ್ರಗಳಲ್ಲಿ ಇಂದಿನ ಅರ್ಥದ ಉಯಿಲು ಇರಲಿಲ್ಲ. ಅದು ಬ್ರಿಟಿಷರ ಕಾಲದ ನ್ಯಾಯಾಲಯಗಳಲ್ಲಿ ಬೇರೂರಿ, 1870ರ ಹಿಂದೂ ವಿಲ್ಸ್ ಕಾಯ್ದೆಯನ್ನು ಹಾದು, 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ನೆಲೆಗೊಂಡಿತು. ಹೊಸದಾಗಿ ಕೈಗೆ ಬಂದ ಈ ಸಾಧನವನ್ನು ನಾವು ಈವರೆಗೆ ಹೆಚ್ಚಾಗಿ ಬಳಸಿರುವುದು ಮಕ್ಕಳ ನಡುವೆ ಜಗಳ ಬಾರದಿರಲಿ ಎಂದು. ಅದರಿಂದ ಅದಕ್ಕಿಂತ ದೊಡ್ಡ ಕೆಲಸ ಆಗಬಲ್ಲದು.

ಆಗಿದ್ದಕ್ಕೆ ನಮ್ಮಲ್ಲೇ ನಿದರ್ಶನವಿದೆ. ಬೆಳಗಾವಿ ಜಿಲ್ಲೆಯ ಸಿರಸಂಗಿಯ ಲಿಂಗರಾಜ ದೇಸಾಯಿ 1861ರಲ್ಲಿ ಹುಟ್ಟಿ 1906ರಲ್ಲಿ ತೀರಿಕೊಂಡವರು. ದೇಸಗತಿಯ ಒಡೆಯರಾಗಿದ್ದ ಅವರು ತಮ್ಮ ಆಸ್ತಿಯನ್ನು ಲಿಂಗಾಯತ ಸಮಾಜದ ಬಡ ಮಕ್ಕಳ ವಿದ್ಯಾಭ್ಯಾಸಕ್ಕೆಂದು ಮೃತ್ಯುಪತ್ರ ಬರೆದಿಟ್ಟರು. ಅವರು ಕಣ್ಮುಚ್ಚಿದಾಗ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರೇ ವಿರಳ. ಆ ಆಸ್ತಿಯಿಂದ ನಡೆದ ವಿದ್ಯಾರ್ಥಿವೇತನಗಳು ತಲೆಮಾರುಗಳ ಕಾಲ ಹುಡುಗರನ್ನು ಓದಿಸಿದವು. ಬೆಳಗಾವಿಯಲ್ಲಿ ಅವರ ಹೆಸರಿನ ಕಾಲೇಜಿದೆ, ಜನ ಅವರನ್ನು ಇಂದಿಗೂ 'ತ್ಯಾಗವೀರ' ಎಂದೇ ಕರೆಯುತ್ತಾರೆ. ನೂರು ವರ್ಷಗಳ ಹಿಂದೆ ಸಮಾಜ ಎಂದರೆ ಹೆಚ್ಚಾಗಿ ತಮ್ಮ ಜಾತಿ ಸಮುದಾಯವೇ ಆಗಿತ್ತು. ಇಂದು ಬರೆಯುವವರು ಆ ವರ್ತುಲವನ್ನು ದೊಡ್ಡದು ಮಾಡಬಹುದು, ಮಾಡಬೇಕು. ಆದರೆ ತಾನು ಎಂದೂ ಕಾಣದ ಮಕ್ಕಳನ್ನು ತನ್ನ ವಾರಸುದಾರರೆಂದು ಬರೆದ ಆ ಧೈರ್ಯ ಹಳತಾಗಿಲ್ಲ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಕೊಡುವುದೇ ಆದರೆ ಬದುಕಿರುವಾಗಲೇ ಕೊಡಬಹುದಲ್ಲ, ಸತ್ತ ಮೇಲೆ ಕೊಟ್ಟರೆ ಅದರಲ್ಲಿ ತ್ಯಾಗವೇನು ಬಂತು? ಈ ಮಾತಿನಲ್ಲಿ ಹುರುಳಿದೆ. ಕೊಡಬಲ್ಲವರು ಇಂದೇ ಕೊಡಲಿ, ಕೊಟ್ಟದ್ದು ಫಲ ಕೊಡುವುದನ್ನು ಕಣ್ಣಾರೆ ನೋಡಲಿ. ಆದರೆ ಮಧ್ಯಮವರ್ಗದ ಆಸ್ತಿಯ ಸ್ವರೂಪವೇ ಬೇರೆ. ಅದು ಕೈಯಲ್ಲಿ ಓಡಾಡುವ ಹಣವಲ್ಲ. ಇರುವ ಮನೆಯನ್ನು ಬದುಕಿರುವವರೆಗೆ ಕೊಡುವಂತಿಲ್ಲ. ಠೇವಣಿಯನ್ನು ಮುಟ್ಟಲು ಭಯ. ಎಪ್ಪತ್ತು ದಾಟಿದ ದಂಪತಿಗೆ ತಾವು ಇನ್ನೆಷ್ಟು ವರ್ಷ ಇರುತ್ತೇವೆಂಬುದು ಗೊತ್ತಿಲ್ಲ, ಒಂದು ಬಾರಿ ಐಸಿಯು ಸೇರಿದರೆ ಎಷ್ಟು ಖರ್ಚಾಗುತ್ತದೆಂಬುದೂ ಗೊತ್ತಿಲ್ಲ. ಈ ಭಯ ಜಿಪುಣತನವಲ್ಲ, ವಿವೇಕ. ಮನಸ್ಸಿದ್ದೂ ಕೊಡಲಾಗದ ಇಂಥವರಿಗೆ ಕೊಡುವ ದಾರಿಯೆಂದರೆ ಉಯಿಲು. ಬರೆದ ಮಾತ್ರಕ್ಕೆ ಆಸ್ತಿ ಕೈಬಿಡುವುದಿಲ್ಲ. ಕೊನೆಯ ಉಸಿರಿನವರೆಗೂ ಅದು ಅವರದೇ. ಮಾರಬಹುದು, ಖರ್ಚು ಮಾಡಬಹುದು, ಮನಸ್ಸು ಬದಲಾದರೆ ಉಯಿಲನ್ನೇ ರದ್ದು ಮಾಡಿ ಬೇರೆ ಬರೆಯಬಹುದು.

ದಾನಪತ್ರಕ್ಕೂ ಉಯಿಲಿಗೂ ಇರುವ ಈ ಅಂತರವನ್ನು ಎಷ್ಟೋ ಹಿರಿಯರು ತಡವಾಗಿ ತಿಳಿಯುತ್ತಾರೆ. ಇರುವ ಒಂದೇ ಮನೆಯನ್ನು ಮಕ್ಕಳಿಗೆ ದಾನಪತ್ರ ಮಾಡಿಕೊಟ್ಟು, ಆಮೇಲೆ ಅದೇ ಮನೆಯಲ್ಲಿ ಮೂಲೆಗುಂಪಾಗಿ, 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ದಾನಪತ್ರ ರದ್ದು ಕೋರಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಯ ಮುಂದೆ ನಿಲ್ಲುವವರಿದ್ದಾರೆ. ಮಕ್ಕಳಿಗಾಗಲಿ ಸಂಸ್ಥೆಗಾಗಲಿ, ತಲೆಯ ಮೇಲಿನ ಸೂರನ್ನು ಜೀವಂತ ಇರುವಾಗ ಬರೆದುಕೊಡದಿರುವುದೇ ಕ್ಷೇಮ. ನಿಜವಾಗಿ ನಿಮ್ಮ ಹಿತ ಬಯಸುವ ಸಂಸ್ಥೆಯಾದರೆ ಅದೂ ಇದೇ ಮಾತು ಹೇಳಬೇಕು.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. ಮಕ್ಕಳ ಬಾಯಿಂದ ಕಿತ್ತು ಪರರಿಗೆ ಕೊಟ್ಟಂತಾಗುವುದಿಲ್ಲವೇ? ದುರ್ಬಲ ಮಗು, ಅಂಗವೈಕಲ್ಯವಿರುವ ಮಗ, ಗಂಡನಿಂದ ದೂರವಾದ ಮಗಳು, ಸಾಲದಲ್ಲಿರುವ ಕುಟುಂಬ ಇದ್ದರೆ ಅವರೇ ಮೊದಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಂದು ಎಷ್ಟೋ ಮನೆಗಳ ಸ್ಥಿತಿ ಹಾಗಿಲ್ಲ. ಮಕ್ಕಳು ಕ್ಯಾಲಿಫೋರ್ನಿಯಾದಲ್ಲೋ ಸಿಂಗಪುರದಲ್ಲೋ ನೆಲೆಸಿದ್ದಾರೆ, ಅಪ್ಪ ಇಡೀ ಆಯುಸ್ಸಿನಲ್ಲಿ ಗಳಿಸಿದ್ದನ್ನು ಕೆಲವೇ ವರ್ಷಗಳಲ್ಲಿ ಗಳಿಸಿದ್ದಾರೆ. ಮೈಸೂರಿನ, ಧಾರವಾಡದ, ಶಿವಮೊಗ್ಗದ ಹಳೆಯ ಬಡಾವಣೆಗಳಲ್ಲಿ ಬೀಗ ಹಾಕಿದ ಮನೆಗಳು ಸಾಲುಸಾಲಾಗಿ ಕಾಣುತ್ತವೆ. ಆ ಮನೆ ಮಾರಿದ ಹಣದಲ್ಲಿ ಹತ್ತನೆಯ ಒಂದು ಪಾಲು ಕಡಿಮೆಯಾದರೆ ವಿದೇಶದ ಮಗನ ಬದುಕಿನಲ್ಲಿ ಏನೂ ಬದಲಾಗುವುದಿಲ್ಲ. ಅದೇ ಪಾಲು ಊರಿನ ಶಾಲೆಗೆ ಬಂದರೆ ಅಲ್ಲಿ ಬದಲಾಗುವುದು ಬಹಳ.

ಪಾಲು ಎಷ್ಟಿರಬೇಕು ಎಂಬುದಕ್ಕೆ ಮುಸ್ಲಿಂ ಉತ್ತರಾಧಿಕಾರದ ನಿಯಮ ಒಂದು ಒಳ್ಳೆಯ ಮಾದರಿ. ಅಂತ್ಯಕ್ರಿಯೆಯ ಖರ್ಚು ಮತ್ತು ಸಾಲ ಕಳೆದು ಉಳಿದ ಆಸ್ತಿಯಲ್ಲಿ ಮೂರನೆಯ ಒಂದು ಭಾಗವನ್ನು ಮಾತ್ರ ತನ್ನಿಚ್ಛೆಯಂತೆ ಬರೆದಿಡಬಹುದು, ಉಳಿದದ್ದು ವಾರಸುದಾರರಿಗೆ ಮೀಸಲು. ಮನೆಯವರ ಹಕ್ಕು, ದಾನ ಮಾಡುವವನ ಇಚ್ಛೆ ಎರಡನ್ನೂ ಒಟ್ಟಿಗೆ ಕಾಪಾಡುವ ಲೆಕ್ಕ ಅದು. ಹಿಂದೂಗಳ ಸ್ವಯಾರ್ಜಿತಕ್ಕೆ ಇಂಥ ಮಿತಿಯನ್ನು ಕಾನೂನು ಹೇರಿಲ್ಲ, ನಾವೇ ನಮಗೆ ಹಾಕಿಕೊಳ್ಳಬೇಕು. ಮಕ್ಕಳಿಗೆ ಬಹುಪಾಲು, ಊರಿಗೆ ಒಂದು ಪಾಲು ಎಂದರೆ ಯಾರಿಗೂ ಅನ್ಯಾಯವಿಲ್ಲ.

ಮಕ್ಕಳಿಲ್ಲದವರ ವಿಷಯವಂತೂ ಬೇರೆಯೇ. ಉಯಿಲು ಬರೆಯದೆ ಮಕ್ಕಳಿಲ್ಲದ ಹಿಂದೂ ವಿಧವೆ ತೀರಿಕೊಂಡರೆ, ಅವಳು ನೌಕರಿ ಮಾಡಿ ಗಳಿಸಿದ ಆಸ್ತಿಯೂ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಮಿನ ಪ್ರಕಾರ ಮೊದಲು ಹೋಗುವುದು ಗಂಡನ ಕಡೆಯ ವಾರಸುದಾರರಿಗೆ. 2009ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಇಂಥದೇ ಪ್ರಕರಣ ಬಂದಾಗ, ಹೆಣ್ಣುಮಗಳ ಸ್ವಂತ ಗಳಿಕೆಯೂ ಗಂಡನ ಕಡೆಯವರ ಪಾಲಾಯಿತು. ಮೂವತ್ತು ವರ್ಷ ಪಾಠ ಮಾಡಿದ ಶಿಕ್ಷಕಿಯೊಬ್ಬರಿಗೆ ತಾನು ಮುಖ ಕಾಣದ ಮೈದುನನ ಮಕ್ಕಳಿಗಿಂತ ತಾನು ಪಾಠ ಹೇಳಿದ ಊರಿನ ಹುಡುಗಿಯರು ಹತ್ತಿರದವರಾಗಿರಬಹುದು. ಆದರೆ ಆಕೆ ಎರಡು ಹಾಳೆ ಬರೆದಿಡದಿದ್ದರೆ ಕಾನೂನಿಗೆ ಅದು ತಿಳಿಯುವುದಿಲ್ಲ. ವಾರಸುದಾರರೇ ಇಲ್ಲದಿದ್ದರೆ ಆಸ್ತಿ ಸರ್ಕಾರಕ್ಕೆ ಸೇರುತ್ತದೆ.

ಸತ್ತ ಮೇಲೆ ನಮ್ಮದು ಪರರಿಗೆ ಸೇರುವುದು ನಮ್ಮ ಸಂಸ್ಕೃತಿಗೆ ಒಗ್ಗುವುದಿಲ್ಲ ಎನ್ನುವವರು ನೇತ್ರದಾನದತ್ತ ನೋಡಬೇಕು. ಶವದಿಂದ ಕಣ್ಣು ತೆಗೆಯುವುದೆಂದರೆ ಒಂದು ಕಾಲಕ್ಕೆ ಮನೆಮಂದಿ ಹೌಹಾರುತ್ತಿದ್ದರು. 2006ರಲ್ಲಿ ರಾಜ್‌ಕುಮಾರ್ ಅವರ ಕಣ್ಣುಗಳು ದಾನವಾದವು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಅಕಾಲದಲ್ಲಿ ತೀರಿಕೊಂಡಾಗ ಆ ದುಃಖದ ನಡುವೆಯೂ ಕುಟುಂಬ ಅವರ ಕಣ್ಣುಗಳನ್ನು ಕೊಟ್ಟಿತು, ನಾಲ್ವರಿಗೆ ದೃಷ್ಟಿ ಬಂತು. ಆಮೇಲೆ ನೇತ್ರದಾನಕ್ಕೆ ಹೆಸರು ಬರೆಸಲು ಜನ ಸಾಲುಗಟ್ಟಿ ಬಂದದ್ದನ್ನು ನಾವೆಲ್ಲ ನೋಡಿದ್ದೇವೆ. ಕಣ್ಣನ್ನೇ ಅಪರಿಚಿತರಿಗೆ ಕೊಡಲು ಒಪ್ಪಿದ ಸಮಾಜಕ್ಕೆ ಠೇವಣಿಯ ಒಂದು ಭಾಗವನ್ನು ಕೊಡುವುದು ಒಗ್ಗದ ಸಂಗತಿಯಲ್ಲ. ನೇತ್ರದಾನದ ಅನುಭವ ಇನ್ನೊಂದು ಪಾಠವನ್ನೂ ಹೇಳುತ್ತದೆ. ಹಿಂದೆ ಹೆಸರು ಬರೆಸಿದ್ದರೂ, ಆ ಹೊತ್ತಿಗೆ ಫೋನು ಮಾಡಬೇಕಾದವರು ಮನೆಯವರು. ಅವರಿಗೆ ತಿಳಿಸಿರದಿದ್ದರೆ, ಅವರು ಒಪ್ಪದಿದ್ದರೆ, ಬರೆದ ಕಾಗದ ಕೆಲಸಕ್ಕೆ ಬಾರದು. ಉಯಿಲೂ ಹಾಗೆಯೇ. ಮಕ್ಕಳನ್ನು ಕೂರಿಸಿಕೊಂಡು, ಇಷ್ಟನ್ನು ಇಂಥವರಿಗೆ ಬರೆದಿದ್ದೇನೆ, ಕಾರಣ ಇದು ಎಂದು ಬಾಯಿಬಿಟ್ಟು ಹೇಳಬೇಕು. ಗುಟ್ಟಾಗಿಟ್ಟ ದಾನ ಅಪ್ಪನ ಮೇಲಿನ ಸಿಟ್ಟಾಗಿ, ಆಮೇಲೆ ಕೋರ್ಟಿನ ವ್ಯಾಜ್ಯವಾಗಿ ಮುಗಿಯುವ ಸಾಧ್ಯತೆ ಹೆಚ್ಚು.

ಮೂರನೆಯ ಆಕ್ಷೇಪಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ತೂಕ ಕೊಡುತ್ತೇನೆ. ಸಂಸ್ಥೆಗಳನ್ನು ನಂಬುವುದು ಹೇಗೆ? ಪದಾಧಿಕಾರಿಗಳ ಜಗಳದಲ್ಲಿ ಬಾಗಿಲು ಮುಚ್ಚಿದ ಸಂಘಗಳು, ಒಂದೇ ಮನೆತನದ ಸ್ವತ್ತಾದ ಟ್ರಸ್ಟುಗಳು, ಲೆಕ್ಕ ಕೇಳಿದರೆ ಮುನಿಸಿಕೊಳ್ಳುವ ಕಾರ್ಯದರ್ಶಿಗಳು ನಮಗೆ ಹೊಸಬರಲ್ಲ. ಈ ಅನುಮಾನ ಕಾನೂನಿನಲ್ಲೂ ಇತ್ತು. 1925ರ ಕಾಯ್ದೆಯ 118ನೇ ಕಲಮಿನ ಪ್ರಕಾರ, ಅಣ್ಣತಮ್ಮ ಅಕ್ಕತಂಗಿಯರ ಮಕ್ಕಳೋ ಇನ್ನೂ ಹತ್ತಿರದ ಬಂಧುಗಳೋ ಇರುವ ವ್ಯಕ್ತಿ ಧರ್ಮಕಾರ್ಯಕ್ಕೆ ಆಸ್ತಿ ಬರೆಯಬೇಕಾದರೆ, ಸಾವಿಗೆ ಕನಿಷ್ಠ ಹನ್ನೆರಡು ತಿಂಗಳು ಮೊದಲೇ ಉಯಿಲು ಆಗಿರಬೇಕಿತ್ತು. ಮುಖ್ಯವಾಗಿ ಕ್ರೈಸ್ತರಿಗೆ ಅನ್ವಯವಾಗುತ್ತಿದ್ದ ಈ ನಿಯಮ ತಾರತಮ್ಯದ್ದೆಂದು ಜಾನ್ ವಲ್ಲಮಟ್ಟಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2003ರಲ್ಲಿ ಅದನ್ನು ಅಸಿಂಧುಗೊಳಿಸಿತು. ಸರಿಯಾದ ತೀರ್ಪು. ಆದರೂ ಆ ನಿಯಮದ ಹಿಂದಿದ್ದ ಆತಂಕವನ್ನು ಮರೆಯಬಾರದು. ಮರಣಶಯ್ಯೆಯಲ್ಲಿ ಇರುವವರ ಭಯವನ್ನು ಯಾರೂ ಬಳಸಿಕೊಳ್ಳಬಾರದು. ಮೈಸೂರು ರಾಜ್ಯದಿಂದ ಸುಪ್ರೀಂ ಕೋರ್ಟಿಗೆ ಹೋಗಿ, ದೇಶದ ಉಯಿಲು ಕಾನೂನಿಗೇ ಆಧಾರಸ್ತಂಭವಾದ ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಾಜಮ್ಮ ನಡುವಿನ ಪ್ರಕರಣದ ಪಾಠವೂ ಅದೇ. ಉಯಿಲಿನಿಂದ ಹೆಚ್ಚು ಲಾಭ ಪಡೆಯುವವನೇ ಅದನ್ನು ಬರೆಸುವುದರಲ್ಲಿ ಮುಂದಾಗಿದ್ದರೆ, ಅನುಮಾನ ನಿವಾರಿಸುವ ಹೊಣೆ ಅವನ ಮೇಲೆಯೇ ಬೀಳುತ್ತದೆ.

ಆದ್ದರಿಂದ ಗಟ್ಟಿಮುಟ್ಟಾಗಿರುವಾಗಲೇ ಬರೆಯಬೇಕು. ಸಂಸ್ಥೆಯವರು ತಂದುಕೊಟ್ಟ ಕರಡಿಗೆ ಸಹಿ ಹಾಕಬಾರದು, ನಮ್ಮದೇ ವಕೀಲರು ಬರೆಯಲಿ. ಆರೈಕೆ ಮಾಡುತ್ತಿರುವ ವೃದ್ಧಾಶ್ರಮದ ಸಿಬ್ಬಂದಿಯನ್ನೇ ಸಾಕ್ಷಿ ಹಾಕಿಸಿ ಅದೇ ಆಶ್ರಮಕ್ಕೆ ಬರೆಯುವುದೂ ಸಲ್ಲ. ಸಂಸ್ಥೆಯನ್ನು ಆರಿಸುವ ಮುನ್ನ ಕೆಲವು ವರ್ಷ ಅದರ ಜೊತೆ ಒಡನಾಡಬೇಕು. ವಾರ್ಷಿಕ ಸಭೆಗೆ ಹೋಗಿ ಕುಳಿತು, ಆಡಿಟ್ ಆದ ಲೆಕ್ಕಪತ್ರ ಕೇಳಿ ನೋಡಬೇಕು. ಪದಾಧಿಕಾರಿಗಳು ಬದಲಾಗುತ್ತಾರೆಯೇ, ಹೊಸಬರು ಬರುತ್ತಿದ್ದಾರೆಯೇ, ಒಬ್ಬ ವ್ಯಕ್ತಿ ಇಲ್ಲವಾದರೂ ಕೆಲಸ ನಡೆದೀತೇ ಎಂಬುದು ಅಲ್ಲೇ ಗೊತ್ತಾಗುತ್ತದೆ. ಉಯಿಲನ್ನು ಬದಲಿಸಬಹುದಾದ್ದರಿಂದ ಈ ಪರೀಕ್ಷೆ ಎಂದೂ ಮುಗಿಯಬೇಕಾಗಿಲ್ಲ. ಸಂಸ್ಥೆ ಹಾದಿ ತಪ್ಪಿದರೆ ಹೆಸರು ತೆಗೆದರಾಯಿತು.

ಸಂಸ್ಥೆಗಳ ಹೊಣೆ ಇದಕ್ಕಿಂತ ದೊಡ್ಡದು. ಕನ್ನಡದ ಅತಿ ಹಳೆಯ ಶಾಸನಗಳಲ್ಲೊಂದಾದ ಹಲ್ಮಿಡಿ ಶಾಸನವೇ ಒಂದು ದತ್ತಿಯ ದಾಖಲೆ. ಅದನ್ನು ಕೆಡಿಸಿದವರಿಗೆ ಮಹಾಪಾತಕ ತಟ್ಟುತ್ತದೆಂಬ ಎಚ್ಚರಿಕೆಯೂ ಅದೇ ಕಲ್ಲಿನಲ್ಲಿದೆ. ಮುಂದಿನ ಶತಮಾನಗಳ ದಾನಶಾಸನಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ದಾನ ಕೊಡುವುದಕ್ಕಿಂತ ಇನ್ನೊಬ್ಬರು ಕೊಟ್ಟದ್ದನ್ನು ಕಾಪಾಡುವುದೇ ಹೆಚ್ಚಿನ ಪುಣ್ಯವೆಂದು ಸಾರುತ್ತವೆ. ಕೊಟ್ಟವನು ಹೋಗಿಬಿಡುತ್ತಾನೆ, ಕೇಳಲು ಮತ್ತೆ ಬರುವುದಿಲ್ಲ ಎಂಬ ಅರಿವು ಅದರ ಹಿಂದಿದೆ. ಉಯಿಲಿನ ದತ್ತಿ ಪಡೆಯುವ ಪ್ರತಿ ಸಂಸ್ಥೆಯ ಆಡಳಿತ ಮಂಡಳಿಯೂ ಈ ಮಾತನ್ನು ಎದುರಿಗಿಟ್ಟುಕೊಂಡು ಕೆಲಸ ಮಾಡಬೇಕು.

ಕಾಪಾಡುವುದೆಂದರೆ ಬ್ಯಾಂಕಿನಲ್ಲಿ ಇಟ್ಟು ಮರೆಯುವುದಲ್ಲ. 1890ರಲ್ಲಿ ಹುಟ್ಟಿದ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ, 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿನಲ್ಲಿ ದತ್ತಿ ಉಪನ್ಯಾಸಗಳ ದೊಡ್ಡ ಪರಂಪರೆಯಿದೆ. ತಂದೆತಾಯಿಯ ಹೆಸರಿನಲ್ಲಿ ಒಂದು ಮೊತ್ತ ಇಟ್ಟರೆ ಅದರ ಬಡ್ಡಿಯಲ್ಲಿ ವರ್ಷಕ್ಕೊಂದು ಕಾರ್ಯಕ್ರಮ. ಸುಂದರವಾದ ಕ್ರಮ. ಆದರೆ ಲೆಕ್ಕ ಕಠೋರ. ಹತ್ತು ಸಾವಿರ ರೂಪಾಯಿಯ ದತ್ತಿಗೆ ಬಡ್ಡಿ ಶೇ 10 ಇದ್ದಾಗ ವರ್ಷಕ್ಕೆ ಸಾವಿರ ಸಿಗುತ್ತಿತ್ತು, ಶೇ 6ಕ್ಕೆ ಇಳಿದಾಗ ಆರುನೂರು. ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರಿದರೆ ಹನ್ನೆರಡು ವರ್ಷಕ್ಕೆ ಆ ಹಣದ ಶಕ್ತಿ ಅರ್ಧ, ಇಪ್ಪತ್ತನಾಲ್ಕು ವರ್ಷಕ್ಕೆ ಕಾಲು. ಇಂಥ ದತ್ತಿಗಳ ಬಡ್ಡಿಯಲ್ಲಿ ಇಂದು ಅತಿಥಿಯ ಬಸ್ ಛಾರ್ಜೂ ಹುಟ್ಟುವುದಿಲ್ಲ. ಎಷ್ಟೋ ಕಡೆ ಚಿನ್ನದ ಪದಕವೆಂಬುದು ಚಿನ್ನದ ನೀರು ಕುಡಿಸಿದ ಪದಕವಾಗಿದೆ. ಕೊಡುವವರು ಇದರಿಂದ ಕಲಿಯಬೇಕಾದ್ದು ಎರಡು. ಬಂದ ಬಡ್ಡಿಯಲ್ಲಿ ಒಂದು ಭಾಗವನ್ನು ಪ್ರತಿವರ್ಷ ಮೂಲಧನಕ್ಕೇ ಸೇರಿಸಬೇಕೆಂದು ಬರೆಯಬೇಕು. ಇಲ್ಲವೇ 'ಶಾಶ್ವತ'ದ ಆಸೆ ಬಿಟ್ಟು, ಹತ್ತು ವರ್ಷದಲ್ಲಿ ಪೂರ್ತಿ ಖರ್ಚು ಮಾಡಿ ಒಂದು ಕೆಲಸ ಮುಗಿಸಿ ಎಂದು ಬರೆಯಬೇಕು. ನಮ್ಮ ಹೆಸರು ನೂರು ವರ್ಷ ಫಲಕದ ಮೇಲಿರುವುದಕ್ಕಿಂತ ಹಳ್ಳಿಯ ಹತ್ತು ಹುಡುಗಿಯರು ನರ್ಸಿಂಗ್ ಓದಿ ಹೊರಬರುವುದು ದೊಡ್ಡದು.

ಉದ್ದೇಶವನ್ನು ತೀರ ಇಕ್ಕಟ್ಟಾಗಿ ಕಟ್ಟಿಹಾಕುವುದೂ ತಪ್ಪು. ಕಂದೀಲಿನ ಸೀಮೆಎಣ್ಣೆಗೆಂದು ಬಿಟ್ಟ ಹಣ ಕರೆಂಟು ಬಂದ ಮೇಲೆ ಏನಾಗಬೇಕು? ಬರೆಯುವ ಮಾತು ಹೇಗಿರಬಹುದೆಂದು ಒಂದು ಮಾದರಿ ಕೊಡುತ್ತೇನೆ: 'ನನ್ನ ಸಾಲ, ಆಸ್ಪತ್ರೆಯ ಬಾಕಿ ಮತ್ತು ಉತ್ತರಕ್ರಿಯೆಯ ಖರ್ಚು ಕಳೆದು ಉಳಿಯುವ ಠೇವಣಿ ಹಣದಲ್ಲಿ ಹತ್ತನೆಯ ಒಂದು ಭಾಗವನ್ನು ಇಂಥ ನೋಂದಣಿ ಸಂಖ್ಯೆಯ, ಇಂಥ ವಿಳಾಸದ ಸಂಸ್ಥೆಗೆ, ನಮ್ಮ ತಾಲ್ಲೂಕಿನ ಬಡ ಮಕ್ಕಳ ಓದಿಗೆ ಸಹಾಯವಾಗುವಂತೆ ಬಳಸಲು ಕೊಡತಕ್ಕದ್ದು. ಆ ಹೊತ್ತಿಗೆ ಆ ಸಂಸ್ಥೆ ಇಲ್ಲದಿದ್ದರೆ ಅಥವಾ ಆ ಕೆಲಸ ನಿಲ್ಲಿಸಿದ್ದರೆ, ಅದೇ ಬಗೆಯ ಕೆಲಸ ಮಾಡುತ್ತಿರುವ ಮತ್ತೊಂದು ಸಂಸ್ಥೆಯನ್ನು ನನ್ನ ಉಯಿಲಿನ ನಿರ್ವಾಹಕರು ಆರಿಸತಕ್ಕದ್ದು.' ಇದರಲ್ಲಿ ಬೇಕಾದ್ದೆಲ್ಲ ಇದೆ. ಮೊತ್ತದ ಬದಲು ಪಾಲು ಇರುವುದರಿಂದ ಆಸ್ತಿ ಕರಗಿದರೆ ಮಕ್ಕಳಿಗೆ ನಷ್ಟವಿಲ್ಲ. ಕಾರ್ಯದರ್ಶಿಯ ಹೆಸರಿಲ್ಲ, ಸಂಸ್ಥೆಯ ನೋಂದಾಯಿತ ಹೆಸರಿದೆ. ಉದ್ದೇಶ ಸ್ಪಷ್ಟ, ಆದರೆ ಕೈಕಟ್ಟುವಂಥದ್ದಲ್ಲ. ಬದಲಿ ದಾರಿಯೂ ಇದೆ.

ಉಳಿದ ವಿಧಿಗಳು ಸುಲಭ. ಸ್ವಸ್ಥಚಿತ್ತರಾದ ವಯಸ್ಕರು ಬಿಳಿ ಹಾಳೆಯಲ್ಲೇ ಬರೆಯಬಹುದು, ಛಾಪಾಕಾಗದ ಬೇಕಿಲ್ಲ. ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು. ನೋಂದಣಿ ಕಡ್ಡಾಯವಲ್ಲ, ಆದರೆ ಸಂಸ್ಥೆಗೆ ಪಾಲು ಬರೆದಿದ್ದರೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸುವುದೇ ಲೇಸು. ಮೊಹರು ಹಾಕಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಗಳ ಬಳಿ ಇಡಲೂ ಅವಕಾಶವಿದೆ. ಬ್ಯಾಂಕಿನಲ್ಲಿ ನಾಮಿನಿ ಹಾಕಿದ್ದೇನೆ, ಸಾಕು ಎಂದುಕೊಳ್ಳಬಾರದು. ನಾಮಿನಿ ಹಣ ಪಡೆದುಕೊಳ್ಳುವವನೇ ಹೊರತು ಒಡೆಯನಲ್ಲ, ಷೇರುಗಳಿಗೂ ಇದೇ ಮಾತು ಎಂದು 2023ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಪಿತ್ರಾರ್ಜಿತ ಹೊಲ, ಮಂಜೂರಾದ ಜಮೀನುಗಳಿಗೆ ಬೇರೆ ಬೇರೆ ಕಾಯ್ದೆಗಳ ತೊಡಕಿರುವುದರಿಂದ ಸಂಸ್ಥೆಗೆ ನೆಲಕ್ಕಿಂತ ಹಣದ ಪಾಲು ಬರೆಯುವುದು ಇಬ್ಬರಿಗೂ ಹಿತ. ವಿದೇಶಿ ಪೌರತ್ವ ಪಡೆದ ಕನ್ನಡಿಗರು ಕೊಡುವ ಹಣ ವಿದೇಶಿ ದೇಣಿಗೆ ಎನಿಸುತ್ತದೆ. ಅದನ್ನು ಪಡೆಯಲು ಸಂಸ್ಥೆಗೆ 2010ರ ವಿದೇಶಿ ವಂತಿಗೆ ಕಾಯ್ದೆಯ ಅನುಮತಿ ಇರಬೇಕು, ಮೊದಲೇ ವಿಚಾರಿಸಿಕೊಳ್ಳಬೇಕು.

ಬ್ರಿಟನ್ನಿನಲ್ಲಿ ಒಂದು ಮಿತಿ ಮೀರಿದ ಆಸ್ತಿಗೆ ಶೇ 40ರಷ್ಟು ಉತ್ತರಾಧಿಕಾರ ತೆರಿಗೆಯಿದೆ. ಆಸ್ತಿಯ ಹತ್ತನೆಯ ಒಂದು ಪಾಲನ್ನು ಸೇವಾ ಸಂಸ್ಥೆಗೆ ಬರೆದವರಿಗೆ ಅದು ಶೇ 36ಕ್ಕೆ ಇಳಿಯುತ್ತದೆ. ನಮ್ಮಲ್ಲಿ 1953ರಲ್ಲಿ ಬಂದ ಎಸ್ಟೇಟ್ ಸುಂಕ 1985ರಲ್ಲಿ ರದ್ದಾಯಿತು. ಹಾಗಾಗಿ ಇಲ್ಲಿ ಉಯಿಲಿನಲ್ಲಿ ಕೊಡುವುದಕ್ಕೆ ತೆರಿಗೆಯ ಒತ್ತಾಯವೂ ಇಲ್ಲ, ಆಮಿಷವೂ ಇಲ್ಲ. ಸಮಾಜ ಕೈಯೊಡ್ಡಿ ಕೇಳುತ್ತಿರುವುದು ನಮ್ಮ ಮನಸ್ಸಾಕ್ಷಿಯನ್ನು ಮಾತ್ರ. ಕಾನೂನು ಕೊಟ್ಟ ಈ ಪೂರ್ಣ ಸ್ವಾತಂತ್ರ್ಯವನ್ನು ಊರಿಗಾಗಿ ಬಳಸುವವರು ಸಿಗದಿದ್ದರೆ ಸೋಲುವುದು ಒಂದೆರಡು ಸಂಸ್ಥೆಗಳಲ್ಲ, ಸಾರ್ವಜನಿಕ ಬದುಕೇ.

ಏಕೆಂದರೆ ಊರಿನ ವಾಚನಾಲಯ, ರಂಗಮಂದಿರ, ಉಚಿತ ಶುಶ್ರೂಷಾ ಕೇಂದ್ರ, ಕೆರೆ ಸಂರಕ್ಷಣಾ ಸಮಿತಿ ಇವುಗಳಿಗೆ ಇಂದು ಇರುವುದು ಎರಡೇ ಆಸರೆ. ಒಂದು ಸರ್ಕಾರದ ಅನುದಾನ, ಅದು ಮಂತ್ರಿಗಳ ಜೊತೆ ಬಂದು ಅವರ ಜೊತೆಗೇ ಹೋಗುತ್ತದೆ. ಇನ್ನೊಂದು ಕಂಪನಿಗಳ ನಿಧಿ, ಅದು ಯೋಜನೆಗೆ ದುಡ್ಡು ಕೊಡುತ್ತದೆ, ಗ್ರಂಥಪಾಲಕನ ಸಂಬಳಕ್ಕೆ, ಸೋರುವ ಮಾಡಿನ ದುರಸ್ತಿಗೆ ಕೊಡುವುದಿಲ್ಲ. ಯಾರ ಮರ್ಜಿಯನ್ನೂ ಕಾಯದೆ ತಲೆಯೆತ್ತಿ ನಿಲ್ಲಲು ಸಂಸ್ಥೆಗೆ ತನ್ನದೇ ಮೂಲಧನ ಬೇಕು. ನೂರು ಮನೆಗಳು ತಮ್ಮ ಉಯಿಲಿನಲ್ಲಿ ಸಣ್ಣ ಸಣ್ಣ ಪಾಲು ಬಿಟ್ಟರೆ ಒಂದು ತಾಲ್ಲೂಕಿನ ಸಂಸ್ಥೆ ತನ್ನ ಕಾಲ ಮೇಲೆ ನಿಲ್ಲುತ್ತದೆ. ಅದು ಒಬ್ಬ ದಾನಿಯ ಕೃಪೆಯಾಗದೆ ನೂರು ಜನರ ನಂಬಿಕೆಯಾಗಿರುತ್ತದೆ, ಆದ್ದರಿಂದ ಲೆಕ್ಕ ಕೇಳುವ ಹಕ್ಕೂ ನೂರು ಮನೆಗಳಿಗಿರುತ್ತದೆ.

ಉಯಿಲನ್ನು ಮುಂದಕ್ಕೆ ಹಾಕುತ್ತಾ ಬಂದಿರುವವರು ಈ ವರ್ಷ ಬರೆಯಿರಿ. ಮಕ್ಕಳಿಗೆ ಬಿಡುವುದನ್ನೆಲ್ಲ ಬಿಡಿ. ನಿಮ್ಮನ್ನು ಓದಿಸಿದ, ಬೆಳೆಸಿದ, ಕಷ್ಟದಲ್ಲಿ ಕೈಹಿಡಿದ ಒಂದು ಸಂಸ್ಥೆಯ ಹೆಸರನ್ನೂ ಸೇರಿಸಿ, ಸೇರಿಸಿದ ಕಾರಣವನ್ನು ಮನೆಯವರಿಗೆ ಹೇಳಿ. ಅಪ್ಪ ಅಮ್ಮ ಊರಿಗೂ ಒಂದು ಪಾಲು ಇಟ್ಟಿದ್ದರು ಎಂಬುದನ್ನು ಕಂಡು ಬೆಳೆದ ಮಕ್ಕಳಿಗೆ, ತಮ್ಮ ಉಯಿಲು ಬರೆಯುವ ಕಾಲ ಬಂದಾಗ, ಇಷ್ಟುದ್ದದ ವಾದ ಬೇಕಾಗುವುದಿಲ್ಲ.